ಅಪ್‌ಡೇಟ್: ಅಪ್ಪನ ಹಳೆಯ ಫೈಬರ್ ದೋಣಿ ಕೊನೆಗೂ ಹಿತ್ತಲು ಬಿಟ್ಟಿತು

ಗಂಗೊಳ್ಳಿಯ ಮನೆಯ ಹಿತ್ತಲಲ್ಲಿ ಮಗುಚಿ ಬಿದ್ದಿದ್ದ ಅಪ್ಪನ ನಾಡದೋಣಿಯನ್ನು ಏನು ಮಾಡಲಿ ಎಂದು ಹೋದ ವಾರ ಕೇಳಿದ್ದೆನಲ್ಲ, ನಿನ್ನೆ ಅದು ಹೋಯಿತು.

ಗುಜರಿಯವರು ಬಂದು ಎಂಜಿನ್ ಮಾತ್ರ ತೂಗಿ ಒಯ್ದರು. ಫೈಬರನ್ನು, ಅಂದರೆ ರಾಳದಲ್ಲಿ ಗಟ್ಟಿಯಾದ ಗಾಜಿನ ನಾರನ್ನು, ಕಬ್ಬಿಣದಂತೆ ಕರಗಿಸಿ ಮತ್ತೆ ಎರಕ ಹೊಯ್ಯಲಾಗುವುದಿಲ್ಲ, ಹಾಗಾಗಿ ಅವರಿಗೆ ಅದು ಬರೀ ಕಸ. ಸುಟ್ಟುಬಿಡಿ ಎಂದವರೇ, ಕ್ಷಮಿಸಿ, ಆ ವಿಷದ ಹೊಗೆಯನ್ನು ನೆರೆಮನೆಯವರಿಗೆ ಕುಡಿಸುವ ಮನಸ್ಸಾಗಲಿಲ್ಲ.

ಫಲಿಸಿದ್ದು ‘ತೋಟದವರನ್ನು ಕೇಳಿ’ ಎಂಬ ಸಲಹೆ. ಚಿಕ್ಕಪ್ಪ ಸೆಗಣಿಗೊಬ್ಬರದ ತೊಟ್ಟಿಗೆಂದು ಟೆಂಪೊ ತಂದರು. ಉದ್ದ ಹಿಡಿಸಲಿಲ್ಲ, ಮೂತಿ ಕತ್ತರಿಸಬೇಕಾಯಿತು. ಗಾಜಿನ ನಾರಿನ ಪುಡಿ ತಾಗಿ ಮೊಣಕೈವರೆಗೆ ಇನ್ನೂ ತುರಿಕೆ! ಕತ್ತರಿಸುವವರು ಮಾಸ್ಕ್, ತುಂಬುತೋಳಿನ ಅಂಗಿ ಮರೆಯಬೇಡಿ, ನೀರು ಹೊಯ್ಯುತ್ತಾ ಕತ್ತರಿಸಿ.

ನೋಂದಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ರದ್ದು ಮಾಡಲು ಮೀನುಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟಿದ್ದೇನೆ.