ಸಹಾಯ ಬೇಕು: ಸೌಂಡ್‌ಬಾರ್ ಜೊತೆಗೆ ಸಬ್‌ವೂಫರ್ ಹಾಕಿಸಲಾ, ಬೇಡವಾ?

ನಮಸ್ಕಾರ. ನಮ್ಮ ಹಾಲ್‌ನಲ್ಲಿ ಸೋನೋಸ್ ಬೀಮ್ ಜೆನ್ 2 ಸೌಂಡ್‌ಬಾರ್ ಇದೆ. ಹಾಲ್ ಸುಮಾರು 12 ಅಡಿ, 14 ಅಡಿ. ಮಾತು ಚೆನ್ನಾಗಿ ಕೇಳುತ್ತದೆ, ಅದಕ್ಕೆ ತಕರಾರಿಲ್ಲ. ಆದರೆ ಡೊಳ್ಳು ಬಾರಿಸುವ ಸೀನ್ ಬಂದರೆ ಸದ್ದು ಕಿವಿಗೆ ಬೀಳುತ್ತದೆ, ಎದೆಗೆ ತಟ್ಟುವುದಿಲ್ಲ. ಅಷ್ಟು ಚಿಕ್ಕ ಬಾರ್‌ನಿಂದ 40 ಹರ್ಟ್ಜ್‌ನಷ್ಟು ಆಳದ ಬಾಸ್ (ತಗ್ಗಿನ ಗುಡುಗು ಸದ್ದು) ನಿರೀಕ್ಷಿಸುವುದೂ ತಪ್ಪೇ, ಅಲ್ವಾ?

ಬೀಮ್‌ಗೆ ಸಬ್ ಔಟ್ ಪೋರ್ಟ್ ಇಲ್ಲ, ಅಂದರೆ ಸಬ್‌ವೂಫರ್ (ಬಾಸ್‌ಗೆಂದೇ ಇರುವ ಸ್ಪೀಕರ್) ವೈರ್‌ನಲ್ಲಿ ಜೋಡಿಸುವ ಕಿಂಡಿ ಇಲ್ಲ. ಹಾಗಾಗಿ ಬೇರೆ ಕಂಪನಿಯ ಅಗ್ಗದ ಸಬ್ ನೇರವಾಗಿ ಜೋಡಿಸುವಂತಿಲ್ಲ, ಸೋನೋಸ್‌ನ ಸಬ್‌ಗಳೇ ಗತಿ. ನನ್ನ ಕಣ್ಣು ಅವುಗಳಲ್ಲಿ ಚಿಕ್ಕದಾದ ಸಬ್ ಮಿನಿ ಮೇಲೆ. ಅದರಲ್ಲಿ 6 ಇಂಚಿನ ಎರಡು ವೂಫರ್ ಎದುರುಬದುರಾಗಿವೆ, ಡಬ್ಬ ಹೆಚ್ಚು ಅದುರುವುದಿಲ್ಲ. ಸರಿ, ಆದರೆ ಬಾಸ್ ಸ್ಲ್ಯಾಬ್ ದಾಟಿ ಕೆಳಗೆ ಹೋಗೇ ಹೋಗುತ್ತದೆ. ನಾವಿರುವುದು ಅಪಾರ್ಟ್‌ಮೆಂಟ್‌ನ ಎರಡನೇ ಮಹಡಿ. ಕೆಳಗಿನ ಮನೆಯ ಅಜ್ಜ ಒಂಬತ್ತಕ್ಕೇ ಮಲಗುತ್ತಾರೆ, ನಮ್ಮ ಸಿನಿಮಾ ಶುರುವಾಗುವುದೇ ಆಮೇಲೆ!

ಅಪಾರ್ಟ್‌ಮೆಂಟ್‌ನಲ್ಲಿ ಸಬ್ ಇಟ್ಟವರು ಹೇಳಿ. ರಾತ್ರಿ ಬಾಸ್ ಇಳಿಸಿ, ನೈಟ್ ಸೌಂಡ್ (ಜೋರು ಸದ್ದನ್ನು ತಗ್ಗಿಸುವ ಸೆಟ್ಟಿಂಗ್) ಹಾಕಿಕೊಂಡರೆ ಸಬ್ ಇದ್ದೂ ಸುಮ್ನೆ ಅನಿಸುತ್ತದಾ? ಮೂಲೆಯಲ್ಲಿಟ್ಟರೆ ಗುಂಯ್ ಅನ್ನುವುದು ಜಾಸ್ತಿಯಾಗುತ್ತದೆ, ಸೋಫಾ ಪಕ್ಕ ಇಟ್ಟು ನೋಡಿದ್ದೀರಾ? ಇಲ್ಲಾ, ಸಬ್ ಬಿಟ್ಟು ಹಿಂದೆ ಎರಡು ಸ್ಪೀಕರ್ ಇಡುವುದೇ ವಾಸಿಯಾ?