ತಾಮ್ರದಲ್ಲಿ ನ್ಯೂಟ್ರಾನ್ ಎಷ್ಟು: 34, 35 ಅಥವಾ 36?

ಪ್ರಶ್ನೆ: ಆವರ್ತ ಕೋಷ್ಟಕದಲ್ಲಿ ತಾಮ್ರದ ಮನೆಯಲ್ಲಿ 29 ಮತ್ತು 63.55 ಎಂದಿದೆ. 63.55 ಅನ್ನು 64 ಮಾಡಿ 29 ಕಳೆದರೆ 35 ನ್ಯೂಟ್ರಾನ್ ಬರುತ್ತದೆ. ಕೀ ಉತ್ತರದಲ್ಲಿ 34 ಇದೆ. ಎಲ್ಲಿ ತಪ್ಪಿದೆ?

ಉತ್ತರ 1: ಕಳೆಯುವ ಕ್ರಮ ಸರಿ, ಆದರೆ ಯಾವುದರಿಂದ 29 ಕಳೆದಿರೋ ಆ 64 ತಪ್ಪು. 63.55 ಎಂಬುದು ಸರಾಸರಿ. ನಿಸರ್ಗದ ತಾಮ್ರದಲ್ಲಿ ನೂರಕ್ಕೆ ಸುಮಾರು 69 ಪರಮಾಣುಗಳು ತಾಮ್ರ-63, ಉಳಿದ 31 ತಾಮ್ರ-65. ಹಾಗಾಗಿ ನ್ಯೂಟ್ರಾನ್‌ಗಳು 34 (63 − 29) ಅಥವಾ 36 (65 − 29). 35 ನ್ಯೂಟ್ರಾನ್ ಇರುವ ತಾಮ್ರ-64 ವಿಕಿರಣಶೀಲ, ಅದರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾದ ಸಮಯ) 13 ಗಂಟೆಗಿಂತ ಕಡಿಮೆ. ಪ್ರಶ್ನೆಯಲ್ಲಿ ರಾಶಿ ಸಂಖ್ಯೆ (ಪ್ರೋಟಾನ್ ಮತ್ತು ನ್ಯೂಟ್ರಾನ್ ಒಟ್ಟು; ತಾಮ್ರ-63ರಲ್ಲಿ 63) ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ, ಕೋಷ್ಟಕದ ದಶಾಂಶವನ್ನಲ್ಲ.

ಉತ್ತರ 2: ಸೋಡಿಯಂ (22.99), ಫ್ಲೋರಿನ್ (19.00) ಇಂಥವುಗಳಿಗೆ ನಿಸರ್ಗದಲ್ಲಿ ಒಂದೇ ಸ್ಥಿರ ಐಸೋಟೋಪ್ (ಒಂದೇ ಧಾತುವಿನ, ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆಯಾದ ರೂಪ) ಇರುವುದರಿಂದ ಪೂರ್ಣಾಂಕ ಮಾಡುವ ವಿಧಾನ ನಡೆಯುತ್ತದೆ. ಸೋಡಿಯಂ: 23 − 11 = 12. ಬ್ರೋಮಿನ್ ಹಾಗಲ್ಲ! 79.90 ನೋಡಿ 80 ಎನ್ನಬೇಡಿ. ಇರುವುದು 79 ಮತ್ತು 81.

ಪ್ರಶ್ನೆ ಕೇಳಿದವರು: ಅರ್ಥವಾಯಿತು. ತಾಮ್ರದ 2+ ಅಯಾನಿಗೆ 31 ಇಲೆಕ್ಟ್ರಾನ್ ತಾನೇ?

ಉತ್ತರ 1: ಅಲ್ಲ, 27. ಧನ ಚಿಹ್ನೆ ಎಂದರೆ ಇಲೆಕ್ಟ್ರಾನ್ ಕಳೆದುಕೊಂಡಿದೆ ಎಂದು. ಪ್ರೋಟಾನ್ 29 ಹಾಗೇ ಇರುತ್ತದೆ; ಅದು ಬದಲಾದರೆ ಅದು ತಾಮ್ರವೇ ಅಲ್ಲ.