ಕಾಲಂನ ‘ಪ್ರಕಾರ’ವೋ ‘ಬಗೆ’ಯೋ? ಜೊತೆಗೆ ‘ಒಗ್ಗಿಸು’ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಎಕ್ಸೆಲ್ ಹಾಳೆಯನ್ನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ತರುವುದು ಹೇಗೆ ಎಂದು ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತಿದೆ.

ಮೊದಲನೆಯದು ಡೇಟಾ ಟೈಪ್, ಅಂದರೆ ಕಾಲಂನಲ್ಲಿ ಇರುವುದು ಎಂಥ ದತ್ತಾಂಶ ಎಂಬುದು. ‘ದತ್ತಾಂಶ ಪ್ರಕಾರ’ ಎಂದು ಬರೆದಿದ್ದೆ. ಆದರೆ ‘ಕಾಲಂ ಪ್ರಕಾರ ಬದಲಿಸಿ’ ಅಂದರೆ ಓದುವವರು ‘ಒಂದೊಂದೇ ಕಾಲಂ ಹಿಡಿದು ಬದಲಿಸಿ’ ಎಂದೇ ತಿಳಿಯುತ್ತಾರೆ, ಅಲ್ವಾ? ‘ನಿಯಮದ ಪ್ರಕಾರ’ ಎನ್ನುವಾಗಿನ ಅರ್ಥ ಅಷ್ಟು ಗಟ್ಟಿಯಾಗಿದೆ. ‘ಬಗೆ’ಗೆ ಈ ತೊಂದರೆ ಇಲ್ಲ. ಸಂಖ್ಯೆ ಒಂದು ಬಗೆ, ಪಠ್ಯ ಒಂದು ಬಗೆ, ತಾರೀಖು ಇನ್ನೊಂದು. ಇದನ್ನೇ ಇಟ್ಟುಕೊಳ್ಳುತ್ತೇನೆ.

ಕಷ್ಟ ಇರುವುದು ಕೋಅರ್ಷನ್ ಎಂಬ ಪದದಲ್ಲಿ, ಅಂದರೆ ಒಂದು ಬಗೆಯ ದತ್ತಾಂಶ ಇನ್ನೊಂದು ಬಗೆಗೆ ಬದಲಾಗುವುದು. ಪಾಠಕ್ಕೆ ಮಳೆಯ ಹಾಳೆಯೊಂದನ್ನು ತೆಗೆದುಕೊಂಡಿದ್ದೇನೆ. ಒಂದು ಕಾಲಂನಲ್ಲಿ ತಾರೀಖು, ಇನ್ನೊಂದರಲ್ಲಿ ಮಿಲಿಮೀಟರ್. ಅಳತೆಗೆ ಸಿಗದಷ್ಟು ಕಡಿಮೆ ಮಳೆ ಬಿದ್ದ ದಿನ ‘ಹನಿ’ ಎಂದು ಬರೆದಿದೆ. ಹಾಗಾಗಿ ಇಡೀ ಕಾಲಂ ಪಠ್ಯವಾಗಿ ಬಂದಿದೆ. ಅದಕ್ಕೆ ಆಸ್ ಡಾಟ್ ನ್ಯೂಮರಿಕ್ (ಸಂಖ್ಯೆಯಾಗಿ ಬದಲಿಸುವ ಆಜ್ಞೆ) ಕೊಟ್ಟರೆ ‘12.5’ ಎಂಬ ಪಠ್ಯ ಸಂಖ್ಯೆಯಾಗುತ್ತದೆ. ‘ಹನಿ’ ಇದ್ದಲ್ಲಿ ಎನ್ಎ, ಅಂದರೆ ‘ಇಲ್ಲಿ ಏನೂ ಇಲ್ಲ’ ಎಂಬ ಗುರುತು ಬರುತ್ತದೆ. ಕೋಅರ್ಷನ್‌ನಿಂದ ಎನ್ಎ ಬಂದಿದೆ ಎಂಬ ಎಚ್ಚರಿಕೆಯೂ ಕಾಣುತ್ತದೆ. ಅಲ್ಪವಿರಾಮ ಹಾಕಿದ ‘1,250’ಕ್ಕೂ ಇದೇ ಗತಿ.

‘ಬಲವಂತದ ಪರಿವರ್ತನೆ’ ಎಂಬ ಅನುವಾದ ನನಗೆ ಹಿಡಿಸಲಿಲ್ಲ. ‘ಹನಿ’ ಸಂಖ್ಯೆ ಆಗಲಿಲ್ಲ, ಅಷ್ಟೆ. ಅಲ್ಲಿ ಬಲವಂತ ಎಲ್ಲಿದೆ? ಸಂಖ್ಯೆಗಳನ್ನೂ ಪಠ್ಯವನ್ನೂ ಒಂದೇ ವೆಕ್ಟರಿಗೆ (ಒಂದೇ ಬಗೆಯವು ಮಾತ್ರ ಇರಬಲ್ಲ ಸಾಲಿಗೆ) ಹಾಕಿದರೆ ನಾವು ಕೇಳದಿದ್ದರೂ ಎಲ್ಲವೂ ಪಠ್ಯವಾಗುತ್ತವೆ. ಅದಕ್ಕೂ ಕೋಅರ್ಷನ್ ಎಂದೇ ಹೆಸರು.

ನನಗೆ ಹೊಳೆದದ್ದು ‘ಒಗ್ಗು’. ‘ಆ ಊರಿನ ನೀರು ಒಗ್ಗಲಿಲ್ಲ’ ಅಂತೀವಲ್ಲ, ಅದೇ. ನಾವೇ ಮಾಡಿದರೆ ಒಗ್ಗಿಸುವುದು. ತಾನಾಗಿ ಆದರೆ ಒಗ್ಗಿಕೊಳ್ಳುವುದು. ಎಚ್ಚರಿಕೆಯನ್ನು ಹೀಗೆ ಬರೆಯಬಹುದು: ‘ಕೆಲವು ಬೆಲೆಗಳು ಒಗ್ಗಲಿಲ್ಲ, ಅಲ್ಲಿ ಎನ್ಎ ಇದೆ.’ (ಬೆಲೆ ಅಂದರೆ ಇಲ್ಲಿ ವ್ಯಾಲ್ಯೂ, ದುಡ್ಡಲ್ಲ.) ಮೂರಕ್ಕೂ ಒಂದೇ ಧಾತು ಸಾಕಾಯಿತು. ಇದು ನನಗೆ ತುಂಬಾ ಖುಷಿ ಕೊಟ್ಟಿತು.

ಆದರೆ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಕಾಲಂ ಫ್ಯಾಕ್ಟರ್ ಬಗೆಯದಾಗಿದ್ದರೆ (ಅದರಲ್ಲಿ ಬರುವ ಬೇರೆ ಬೇರೆ ಬೆಲೆಗಳನ್ನು ‘ಹಂತ’ಗಳ ಪಟ್ಟಿಯಾಗಿ ಇಟ್ಟುಕೊಳ್ಳುವ ಬಗೆ) ಅದೇ ಆಸ್ ಡಾಟ್ ನ್ಯೂಮರಿಕ್ ‘12.5’ ಕೊಡುವುದಿಲ್ಲ. ಹಂತಗಳ ಪಟ್ಟಿಯಲ್ಲಿ ಅದು ಎಷ್ಟನೆಯದೋ ಆ ಕ್ರಮಸಂಖ್ಯೆ ಕೊಡುತ್ತದೆ, 3 ಅಂತಲೋ 7 ಅಂತಲೋ. ಎಚ್ಚರಿಕೆಯೂ ಬರುವುದಿಲ್ಲ. ಮೊದಲು ಪಠ್ಯವಾಗಿ ಬದಲಿಸಿ ಆಮೇಲೆ ಸಂಖ್ಯೆ ಮಾಡಬೇಕು. 2020ರಲ್ಲಿ ಆರ್ 4.0.0 ಬರುವ ತನಕ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ) ಕಡತದ ಪಠ್ಯ ಕಾಲಂಗಳು ತಾವಾಗಿಯೇ ಫ್ಯಾಕ್ಟರ್ ಆಗುತ್ತಿದ್ದವು. ಹಳೆಯ ಕೋಡ್ ಓದುವವರಿಗೆ ಇದನ್ನು ಹೇಳಲೇಬೇಕು. ತಾರೀಖಿನ ಕಾಲಂ ಪಠ್ಯವಾಗಿ ಬಂದರೂ ಹೀಗೇ ಗಾಬರಿಯಾಗುತ್ತದೆ. 2024ರ ಜೂನ್ 1 ಇದ್ದಲ್ಲಿ 45444 ಕಾಣುತ್ತದೆ. ಅದು ಎಕ್ಸೆಲ್ಲಿನ ದಿನಗಳ ಎಣಿಕೆ.

‘ಒಗ್ಗಿತು’ ಅಂದರೆ ಕೇಳುವವರಿಗೆ ‘ಸರಿಹೋಯಿತು’ ಅನಿಸುತ್ತದೆ. ಫ್ಯಾಕ್ಟರ್ ವಿಷಯದಲ್ಲಿ ಬಗೆಯೇನೋ ಒಗ್ಗಿತು, ಬೆಲೆ ಮಾತ್ರ ಬೇರೆಯಾಯಿತು. ಇದಕ್ಕೆ ನೀವು ಯಾವ ಪದ ಬಳಸುತ್ತೀರಿ? ‘ಒಗ್ಗಿಸು’ ನಿಮ್ಮ ಕಡೆ ಮಾತಿನಲ್ಲಿ ಇದೆಯಾ? ನಾಮಪದ ಬೇಕಾದಾಗ ‘ಒಗ್ಗಿಕೆ’ ಅಂದರೆ ಕಿವಿಗೆ ಹಿತವಾಗಿದೆಯಾ, ಇಲ್ಲ ‘ಒಗ್ಗಿಸುವಿಕೆ’ ಎಂದೇ ಬರೆಯಲಾ?